ಬುಟ್ಟಿಯಲ್ಲಿ ಕಾಫಿ, ಸಕ್ಕರೆ

ಬುಟ್ಟಿಯಲ್ಲಿ ಬರಬೇಕಾಗಿದ್ದದ್ದು ಬ್ರೆಡ್. ಬಂದದ್ದು ಒಂದು ಪ್ಯಾಕೆಟ್ ಕಾಫಿಪುಡಿ, ಒಂದು ಪ್ಯಾಕೆಟ್ ಸಕ್ಕರೆ, ಪಕ್ಕದಲ್ಲಿ ನೀಟಾಗಿ ಮಡಿಸಿಟ್ಟ ಅವಳದೇ ಛತ್ರಿ.

ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಹಗ್ಗ ಹಿಡಿದು ನಿಂತಿದ್ದ ಅಮಾಲಿಯಾ ಬೆಚ್ಚಿದಳು. ನೇಪಲ್ಸಿನ ಆ ಗಲ್ಲಿಯಲ್ಲಿ ಕಾಫಿ, ಸಕ್ಕರೆ ಎರಡೂ ಒಟ್ಟಿಗೆ ಹೋಗುವುದು ಸಾವಾದ ಮನೆಗೆ ಮಾತ್ರ. ಮಾತಾಡಿಸಲು ಬಂದವರಿಗೆಲ್ಲ ಕಾಫಿ ಕೊಡಬೇಕು, ದುಃಖದಲ್ಲಿರುವವರು ಅಂಗಡಿಗೆ ಹೋಗುವಂತಿಲ್ಲ, ಹಾಗಾಗಿ ನೆರೆಯವರೇ ತಂದು ತುಂಬುತ್ತಾರೆ. ಮೂರು ವರ್ಷದ ಹಿಂದೆ ಅವಳ ಅಮ್ಮ ತೀರಿಕೊಂಡಾಗ ಇದೇ ಬುಟ್ಟಿ ಇಡೀ ದಿನ ಮೇಲೆ ಕೆಳಗೆ ಓಡಾಡಿತ್ತು. ಆ ಕಾಫಿಯ ವಾಸನೆ ಕಪಾಟು ಬಿಟ್ಟು ಹೋಗುವಷ್ಟರಲ್ಲಿ ವರ್ಷವೇ ಕಳೆದಿತ್ತು.

ಅವಳು ಕಂಬಿಯ ಮೇಲೆ ಬಾಗಿ ಕೂಗಿದಳು. "ಯಾರ್ರೀ ಅದು ಕೆಳಗೆ? ನಾನಿನ್ನೂ ಬದುಕಿದ್ದೀನಿ! ಯಾರು ಸತ್ರು ಅಂತ ಇದನ್ನ ಕಳಿಸಿದ್ರಿ?"

ಅಷ್ಟೇ ಸಾಕಾಯಿತು. ಗಲ್ಲಿಯ ಕಿಟಕಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು.

"ಅಯ್ಯೋ ಸಿನ್ಯೊರೀನಾ, ಯಾರು ಹೋದ್ರು?"

"ಪಾಪ, ನಿನ್ನೆ ಚೆನ್ನಾಗೇ ಇದ್ರಲ್ಲ!"

"ಯಾರು ಚೆನ್ನಾಗಿದ್ರು?"

"ಸತ್ತೋರು!"

ಅಮಾಲಿಯಾ ಗಲ್ಲಿಗೆಲ್ಲ ಸಿನ್ಯೊರೀನಾ. ಮದುವೆಯಾದವಳು ಸಿನ್ಯೋರಾ, ಆಗದವಳು ಸಿನ್ಯೊರೀನಾ. ನಲವತ್ತೊಂದಾದ ಮೇಲೂ ಯಾರಾದರೂ ಹಾಗೆ ಕರೆದರೆ ಆ ದನಿಯಲ್ಲಿ ಚಿಟಿಕೆಯಷ್ಟು 'ಅಯ್ಯೋ ಪಾಪ' ಇದ್ದೇ ಇರುತ್ತಿತ್ತು. ಅವಳು ಅದನ್ನು ಕೇಳಿಸಿಕೊಳ್ಳದ ಹಾಗೆ ಇರಲು ಕಲಿತಿದ್ದಳು. ದಿನವಿಡೀ ಬಾಲ್ಕನಿಯ ಬೆಳಕಿನಲ್ಲಿ ಕೂತು ಚರ್ಮದ ಕೈಗವಸು ಹೊಲಿಯುವುದು, ಬೇಕಾದ್ದನ್ನೆಲ್ಲ ಬುಟ್ಟಿ ಇಳಿಬಿಟ್ಟು ತರಿಸಿಕೊಳ್ಳುವುದು, ಇಷ್ಟರಲ್ಲಿ ಅವಳ ಜೀವನ ನಡೆಯುತ್ತಿತ್ತು. ಕೆಳಗಿಳಿದರೆ ಮಾತಿಗೆ ಸಿಗಬೇಕು, ಅದಕ್ಕೇ ಇಳಿಯುವುದೇ ಕಡಿಮೆ.

ಕೆಳಗೆ ನಿಂತಿದ್ದವನು ಉದ್ದನೆಯ ಮನುಷ್ಯ. ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ಮ್ಯಾಪ್. ಹಿಂದಿನ ದಿನ ಮಳೆಯಲ್ಲಿ ಇದೇ ಮ್ಯಾಪ್ ತಿರುಗಿಸಿ ತಿರುಗಿಸಿ ನೋಡುತ್ತ ತೊಯ್ದು ತೊಪ್ಪೆಯಾಗಿದ್ದ ಟೂರಿಸ್ಟ್. ನೋಡಲಾರದೆ ಅವಳೇ ಬುಟ್ಟಿಯಲ್ಲಿ ಛತ್ರಿ ಇಳಿಸಿದ್ದಳು.

"ಕ್ಷಮಿಸಿ!" ಅವನು ಕತ್ತೆತ್ತಿ ಹೇಳಿದ. "ಛತ್ರಿಗೆ ಥ್ಯಾಂಕ್ಸ್ ಹೇಳೋಣ ಅಂತ... ನಮ್ಮ ಬೆಟ್ಟದ ಕಡೆ ಯಾರ ಮನೆಗೆ ಹೋದ್ರೂ ಕಾಫಿ, ಸಕ್ಕರೆ ತಗೊಂಡೇ ಹೋಗ್ತೀವಿ."

"ನಮ್ಮಲ್ಲಿ ಹೆಣ ಎತ್ತಿದ ಮೇಲೆ ತಗೊಂಡ್ಹೋಗ್ತೀವಿ!"

ಎದುರಿನ ದಿನಸಿ ಅಂಗಡಿಯ ಬಾಗಿಲಲ್ಲಿ ಒಡತಿ ದೊನ್ನಾ ತಿತೀನಾ ಹೊಟ್ಟೆ ಹಿಡಿದು ನಗುತ್ತಿದ್ದಳು.

"ತಿತೀನಾ! ನಿಂಗೆ ಗೊತ್ತಿತ್ತಲ್ಲ, ಒಂದು ಮಾತು ಹೇಳ್ಬಾರ್ದಿತ್ತಾ ಅವರಿಗೆ?"

"ಗಿರಾಕಿ ಕೇಳಿದ್ದು ಕೊಟ್ಟೆ ಕಣೇ. ಯಾರಿಗೆ, ಯಾಕೆ ಅಂತ ಕೇಳೋದು ನನ್ನ ಕೆಲಸಾನಾ?"

ಆ ಮನುಷ್ಯ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅವನ ಕಿವಿಗಳು ಕೆಂಪಾಗಿದ್ದವು, ನಾಲ್ಕನೇ ಮಹಡಿಗೂ ಕಾಣುವಷ್ಟು ಕೆಂಪು. ಅದನ್ನು ನೋಡಿದ್ದೇ ಅಮಾಲಿಯಾಳ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಒಳಗೆ ಹೋಗಿ ಅದೇ ಪುಡಿಯಲ್ಲಿ ಕಾಫಿ ಮಾಡಿ, ಕಪ್ಪಿನ ಮೇಲೆ ಸಾಸರ್ ಮುಚ್ಚಿ ಬುಟ್ಟಿಯಲ್ಲಿಟ್ಟು ಇಳಿಸಿದಳು.

"ತಂದವರೇ ಮೊದಲು ಕುಡೀಬೇಕು. ಆಗ ಅಪಶಕುನ ಕಳೆಯುತ್ತೆ."

"ಹಾಗಂತ ನಿಮ್ಮಲ್ಲಿ ಪದ್ಧತಿ ಇದ್ಯಾ?"

"ಈಗ ಶುರುವಾಯ್ತು. ಕುಡೀರಿ, ತಣ್ಣಗಾಗುತ್ತೆ."

ಅವನು ಬೀದಿಯ ನಡುವೆ ನಿಂತು, ಇಡೀ ಗಲ್ಲಿ ನೋಡುತ್ತಿರುವಾಗ, ಒಂದೊಂದೇ ಗುಟುಕು ಕುಡಿದ.

*

ಅವನ ಹೆಸರು ಲೀವಿಯೋ. ಉತ್ತರದ ಹಿಮದ ಬೆಟ್ಟಗಳಲ್ಲಿ ರೋಪ್‌ವೇ ನಡೆಸುವವನು. ಬೇಸಿಗೆಯ ಜನ ಹೋಗಿ ಚಳಿಗಾಲದ ಜನ ಬರುವ ಮಧ್ಯೆ ರೋಪ್‌ವೇ ಮುಚ್ಚಿ ರಿಪೇರಿ ಮಾಡುತ್ತಾರೆ. ಆ ರಜೆಯಲ್ಲಿ, ಹುಟ್ಟಿ ನಲವತ್ತೇಳು ವರ್ಷಕ್ಕೆ ಮೊದಲ ಸಲ, ಸಮುದ್ರ ನೋಡಲು ಬಂದಿದ್ದ. ಆದರೆ ಸಮುದ್ರದ ಕಡೆ ಹೋಗುವುದನ್ನು ಬಿಟ್ಟು ದಿನಾ ಬೆಳಿಗ್ಗೆ ಬಾಲ್ಕನಿಯ ಕೆಳಗೆ ಬಂದು ನಿಲ್ಲತೊಡಗಿದ.

"ಸಮುದ್ರ ನೋಡಿದ್ರಾ?" ಅಮಾಲಿಯಾ ಕೇಳುವಳು.

"ನಾಳೆ ನೋಡ್ತೀನಿ."

"ಅದು ಓಡಿಹೋಗಲ್ಲ ಬಿಡಿ, ರಜೆ ಓಡಿಹೋಗುತ್ತೆ."

ಕಾಫಿ ಇಳಿಯುವುದು, ಖಾಲಿ ಕಪ್ಪು ಮೇಲೇರುವುದು. ಕಪ್ಪಿನ ಜೊತೆ ಒಂದು ದಿನ ಕಿತ್ತಳೆ, ಮತ್ತೊಂದು ದಿನ ಬಿಸಿ ಸುಟ್ಟ ಚೆಸ್ಟ್‌ನಟ್. ಅವರಿಬ್ಬರ ಮಾತು ನಾಲ್ಕು ಮಹಡಿ ದಾಟಿ ಹೋಗಬೇಕಾದ್ದರಿಂದ ಗುಟ್ಟು ಎನ್ನುವುದೇ ಇರಲಿಲ್ಲ. ಎರಡನೇ ಮಹಡಿಯವರು ಮಧ್ಯೆ ಬಾಯಿ ಹಾಕುವರು. ಮೂರನೆಯವರು ತಿದ್ದುವರು. ತಿತೀನಾ ಅಂಗಡಿಯಿಂದಲೇ ತೀರ್ಪು ಕೊಡುವಳು.

"ನಿಮ್ಮ ಹಗ್ಗ ಕಂಬಿಗೆ ಉಜ್ಜಿ ಉಜ್ಜಿ ಸವೆದಿದೆ," ಎಂದ ಒಂದು ದಿನ ಲೀವಿಯೋ. "ಇಂಥ ಹಗ್ಗಕ್ಕೆ ನಮ್ಮಲ್ಲಿ ಆಡಿನ ಮರೀನೂ ಕಟ್ಟಲ್ಲ."

"ಮೂವತ್ತು ವರ್ಷದಿಂದ ಎಳೀತಿದ್ದೀನಿ, ಒಂದು ಮೊಟ್ಟೆ ಒಡೆದಿಲ್ಲ!"

"ಬೆನ್ನು? ಅದು ನೋಯಲ್ವಾ?"

ಅಮಾಲಿಯಾ ಹಗ್ಗ ಬಿಟ್ಟು ಸೊಂಟದ ಮೇಲೆ ಕೈಯಿಟ್ಟಳು. ಅವಳ ಬೆನ್ನನ್ನು ಕುರಿತು ಯಾರೂ ಕೇಳಿರಲಿಲ್ಲ, ಅಮ್ಮ ಕೂಡ.

ಮಾರನೆಯ ದಿನ ಅವನು ಸಣ್ಣದೊಂದು ಹಿತ್ತಾಳೆಯ ರಾಟೆ, ಹೊಸ ಹಗ್ಗ ಹಿಡಿದು ಮೆಟ್ಟಿಲು ಹತ್ತಿ ಬಂದ. ಬಾಗಿಲು ತೆರೆದವಳು ಒಂದು ಹೆಜ್ಜೆ ಹಿಂದೆ ಸರಿದಳು. ಇಷ್ಟು ದಿನ ಅವನ ನೆತ್ತಿಯನ್ನು ಮಾತ್ರ ನೋಡಿದ್ದಳು. ಎದುರಿಗೆ ನಿಂತರೆ ಅವಳೇ ಕತ್ತೆತ್ತಿ ನೋಡಬೇಕು. ಕಣ್ಣು ತಿಳಿಬೂದು, ಹುಬ್ಬಿನಲ್ಲಿ ನಾಲ್ಕು ಬಿಳಿಕೂದಲು.

"ಇಷ್ಟು ಕುಳ್ಳಗಿದ್ದೀರಾ ನೀವು?" ಎಂದುಬಿಟ್ಟ ಅವನು.

"ಇಷ್ಟು ವಯಸ್ಸಾಗಿದ್ಯಾ ನಿಮಗೆ?" ಎಂದಳು ಅವಳು.

ಇಬ್ಬರೂ ನಕ್ಕರು. ಕೆಳಗಿನಿಂದ ತಿತೀನಾ ಕೂಗಿದಳು: "ಬಾಲ್ಕನಿ ಬಾಗಿಲು ತೆಗೆದಿಟ್ಟಿರು ಕಣೇ! ನಮಗೂ ಕಾಣ್ಬೇಕು!"

ಅವನು ಕಬ್ಬಿಣದ ಕಂಬಿಯ ಮೇಲೆ ರಾಟೆ ಕೂರಿಸಿ, ಎಣ್ಣೆ ಬಿಟ್ಟು, ಬುಟ್ಟಿ ಇಳಿಸಿ ಎತ್ತಿ ತೋರಿಸಿದ. ಕಿಂಚಿತ್ತೂ ಸದ್ದಿಲ್ಲ. ಒಂದೇ ಬೆರಳಿನಲ್ಲಿ ಎಳೆಯಬಹುದಿತ್ತು.

"ಇದಕ್ಕೆ ನಾನೇನು ಕೊಡಲಿ?" ಎಂದಳು.

"ನಮ್ಮಲ್ಲಿ ಚಳಿ ಜಾಸ್ತಿ."

ಅವಳು ಟೇಪು ತಂದಳು. ಅಷ್ಟೊಂದು ಕೈಗಳಿಗೆ ಕೈಗವಸು ಹೊಲಿದವಳು, ಯಾರ ಕೈಯನ್ನೂ ಮುಟ್ಟಿ ಅಳತೆ ತೆಗೆದುಕೊಂಡವಳಲ್ಲ. ಕಾರ್ಖಾನೆಯಿಂದ ಕತ್ತರಿಸಿದ ಚರ್ಮ ಬರುತ್ತಿತ್ತು, ಹೊಲಿದು ವಾಪಸ್ ಕೊಟ್ಟರೆ ಆಯಿತು. ಈಗ ಅವನ ಅಂಗೈ ಅವಳ ಮುಂದೆ ಚಾಚಿಕೊಂಡಿತ್ತು. ಹಗ್ಗ ಹಿಡಿದು ಹಿಡಿದು ಜಡ್ಡುಗಟ್ಟಿದ ಅಗಲ ಕೈ. ಗೆಣ್ಣುಗಳ ಸುತ್ತ ಟೇಪು ಸುತ್ತಿದಳು. ಅಳತೆ ಓದಿದ್ದನ್ನು ಮರೆತು ಮತ್ತೊಮ್ಮೆ ಸುತ್ತಿದಳು.

"ಎಷ್ಟಿದೆ?" ಎಂದ ಅವನು ಮೆಲ್ಲನೆ.

"ಜಾಸ್ತಿ ಇದೆ," ಎಂದಳು ಅವಳು, ತಲೆ ಎತ್ತದೆ.

*

ರಜೆ ಮುಗಿಯುವ ಹಿಂದಿನ ದಿನ ಅವಳೇ ಅವನನ್ನು ಮೆರ್ಜೆಲ್ಲಿನಾದ ಕಡಲ ದಂಡೆಗೆ ಕರೆದುಕೊಂಡು ಹೋದಳು. ಸಮುದ್ರ ನೋಡಲು ಬಂದವನು ನೋಡದೇ ಹೋದರೆ ಊರಿಗೆ ಅವಮಾನ ಎನ್ನುವುದು ಅವಳು ಗಲ್ಲಿಗೆ ಕೊಟ್ಟ ಕಾರಣ. ಗಲ್ಲಿ ಅದನ್ನು ನಂಬಿದಂತೆ ನಟಿಸಿತು.

ಬಂಡೆಯ ಮೇಲೆ ಕೂತರು. ನಡುವೆ ಕಾಗದದ ಪೊಟ್ಟಣದಲ್ಲಿ ಬಿಸಿ ತರಾಲ್ಲಿ, ಮೆಣಸು ಬಾದಾಮಿ ಹಾಕಿ ಬಳೆಯಂತೆ ಸುತ್ತಿ ಸುಟ್ಟದ್ದು. ಲೀವಿಯೋ ಬೂಟು ಬಿಚ್ಚಿ ಕಾಲು ಇಳಿಬಿಟ್ಟ. ನೀರು ಬಂದು ಪಾದ ಮುಟ್ಟಿದಾಗ ಹುಡುಗನಂತೆ ಕಾಲೆಳೆದುಕೊಂಡ.

"ಇಷ್ಟೊಂದು ನೀರು ಮುಂಚಿನಿಂದಲೂ ಇಲ್ಲೇ ಇತ್ತಾ?"

"ಇಲ್ಲ, ಟೂರಿಸ್ಟ್ ಬರ್ತಾರೆ ಅಂತ ಬೆಳಿಗ್ಗೆ ತುಂಬಿಸಿದ್ರು."

ಅವನು ನಗಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಅವಳು ತರಾಲ್ಲಿಯ ಬಾದಾಮಿಯನ್ನು ಉಗುರಿನಿಂದ ಕೀಳುತ್ತ ಕೂತಳು.

"ಅಮಾಲಿಯಾ, ನೀವು..." ಎಂದು ನಿಲ್ಲಿಸಿದ. "ನೀನು ಅನ್ನಲಾ?"

"ಅನ್ನಿ."

"ನೀನೂ ಅನ್ನಬೇಕು."

"ನನಗೆ ಅಷ್ಟು ಬೇಗ ಬರಲ್ಲ."

"ಸರಿ. ನಿಧಾನಕ್ಕೆ ಬರಲಿ." ಅವನು ಉಸಿರೆಳೆದುಕೊಂಡ. "ನಾನು ಇಲ್ಲಿಗೇ ಬಂದುಬಿಡ್ತೀನಿ. ಈ ಊರಲ್ಲೂ ಗುಡ್ಡ ಹತ್ತೋ ರೈಲಿದೆ, ಅದನ್ನೂ ಹಗ್ಗವೇ ಎಳೆಯೋದು. ಹಗ್ಗ ಇದ್ದಲ್ಲಿ ನನಗೆ ಕೆಲಸ ಸಿಗುತ್ತೆ. ನೀನು ಆ ಮನೆ ಬಿಡೋದು ಬೇಡ, ಬಾಲ್ಕನಿ ಬಿಡೋದು ಬೇಡ. ನನ್ನನ್ನ ಮದುವೆ ಆಗ್ತೀಯಾ?"

ಅವಳ ಬಾಯಿತುದಿಗೆ 'ಹೂಂ' ಬಂದಿತ್ತು. ಆಣೆ ಇಟ್ಟು ಹೇಳಬಹುದು, ಬಂದಿತ್ತು. ಆದರೆ ಅದರ ಹಿಂದೆಯೇ ಗಲ್ಲಿಯ ಕಿಟಕಿಗಳೂ ಬಂದವು. ನಲವತ್ತೊಂದನೇ ವಯಸ್ಸಿಗೆ ಮದುಮಗಳು! ಟೂರಿಸ್ಟ್ ಮಾತು ನಂಬಿದಳಂತೆ! ನಾಳೆ ಅವನು ಬಾರದೆ ಹೋದರೆ ಆ ಕಿಟಕಿಗಳ ಕೆಳಗೆ ಹೇಗೆ ಓಡಾಡುವುದು?

ಅವಳು ಸಮುದ್ರದ ಕಡೆ ಮುಖ ತಿರುಗಿಸಿದಳು.

"ಈಗಲೇ ಹೇಳೋದು ಬೇಡ," ಎಂದ ಲೀವಿಯೋ. "ಹಿಮ ಕರಗಿದ ಮೇಲೆ, ಈಸ್ಟರ್ ಕಳೆದ ಮೇಲೆ ರೋಪ್‌ವೇ ಮತ್ತೆ ಮುಚ್ತಾರೆ. ಆಗ ಬರ್ತೀನಿ. ಅಲ್ಲೀವರೆಗೂ ಫೋನ್ ಮಾಡಲ್ಲ. ನಿಮ್ಮ ಗಲ್ಲಿಗೆ ಇರೋದು ಅಂಗಡಿಯ ಒಂದೇ ಫೋನು, ಎಲ್ಲರೂ ಕಿವಿ ಕೊಟ್ಟು ಕೂತಿರ್ತಾರೆ. ನಿನಗೆ ಹೇಳ್ಬೇಕು ಅನಿಸಿದ್ರೆ ಮಾತ್ರ ನೀನೇ ಮಾಡು." ರೋಪ್‌ವೇ ಆಫೀಸಿನ ನಂಬರನ್ನು ಅವಳಿಗೆ ಬಾಯಿಪಾಠ ಮಾಡಿಸಿದ.

"ನೀವು ಬಂದಿದ್ದು ನನಗೆ ಹೇಗೆ ಗೊತ್ತಾಗುತ್ತೆ?"

"ಬುಟ್ಟೀಲಿ ಕಾಫಿ, ಸಕ್ಕರೆ ಹಾಕ್ತೀನಿ."

"ಥೂ! ಬಿಡ್ತು ಅನ್ನಿ!" ಅವಳು ಅವನ ಕೈಗೆ ಛಟೀರನೆ ಹೊಡೆದಳು. ಹೊಡೆದ ಕೈಯನ್ನು ಅವನು ಹಿಡಿದುಕೊಂಡ. ತರಾಲ್ಲಿ ಆರಿ ತಣ್ಣಗಾಗುವವರೆಗೂ ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ.

ಮರುದಿನ ಅವಳು ಸ್ಟೇಷನ್ನಿಗೆ ಹೋಗಲಿಲ್ಲ. ಕಂದು ಚರ್ಮದ ಕೈಗವಸುಗಳನ್ನು ಬುಟ್ಟಿಯಲ್ಲಿಟ್ಟು ಇಳಿಸಿದಳು. ಅವನು ಅಲ್ಲೇ ಹಾಕಿಕೊಂಡು, ಎರಡೂ ಕೈ ಎತ್ತಿ ತೋರಿಸಿ, ಗಲ್ಲಿಯ ತಿರುವಿನಲ್ಲಿ ಮರೆಯಾದ. ಆಗ ಅವಳಿಗೆ ಅಳು ಬಂತು. ಓಡಿಹೋಗಿ ಹೇಳಿಬಿಡಬೇಕು ಅನ್ನಿಸಿತು. ಮೆಟ್ಟಿಲ ತನಕ ಬಂದು ನಿಂತಳು. ಕೆಳಗೆ ಯಾರೋ ನಗುವುದು ಕೇಳಿಸಿತು. ಒಳಗೆ ಹೋದಳು.

*

ಚಳಿಗಾಲ ಉದ್ದವಾಗಿತ್ತು. ಅಮಾಲಿಯಾ ಒಂದು ನೀಲಿ ಫ್ರಾಕ್ ಹೊಲಿದುಕೊಂಡಳು. ಕೇಳಿದವರಿಗೆ "ಯಾರದೋ ಆರ್ಡರ್" ಎಂದಳು.

ಕ್ರಿಸ್ಮಸ್ ಹತ್ತಿರ ಬಂದಾಗ ತಡೆಯಲಾರದೆ ತಿತೀನಾಳ ಅಂಗಡಿಗೆ ಇಳಿದು ಬಂದು ನಂಬರ್ ಹೇಳಿದಳು. ತಿತೀನಾ ತುಟಿಪಿಟಕ್ಕೆನ್ನದೆ ಡಯಲ್ ಮಾಡಿ ರಿಸೀವರ್ ಕೊಟ್ಟಳು. ಬಹಳ ಹೊತ್ತಿನ ಮೇಲೆ ಆ ಕಡೆಯಿಂದ ದನಿ ಬಂತು.

"ಹಲೋ? ಯಾರು?"

ಅವನೇ. ಹಿಂದೆ ಗಾಳಿ ಬೀಸುವ ಸದ್ದೂ ಇತ್ತು. ಅಂಗಡಿಯಲ್ಲಿ ಮೀನು ಕಟ್ಟಿಸಿಕೊಳ್ಳುತ್ತಿದ್ದವರು, ಆಲಿವ್ ಆರಿಸುತ್ತಿದ್ದವರು, ಬಾಗಿಲಲ್ಲಿ ನಿಂತವರು, ಎಲ್ಲರೂ ಒಮ್ಮೆಗೇ ಮಾತು ನಿಲ್ಲಿಸಿದರು.

"ಮಾತಾಡೇ," ಎಂದು ತಿತೀನಾ ಪಿಸುಗುಟ್ಟಿದಳು. "ಮಾತಾಡೇ, ಕತ್ತೆ!"

"ಹಲೋ?" ಎಂದ ಅವನು ಮತ್ತೆ, ಈ ಸಲ ಬೇರೆ ದನಿಯಲ್ಲಿ.

ಅಮಾಲಿಯಾ ರಿಸೀವರ್ ಇಟ್ಟುಬಿಟ್ಟಳು. "ನಂಬರ್ ತಪ್ಪಾಗಿತ್ತು," ಎಂದು ಒಂದು ಕಟ್ಟು ಪಾಸ್ತಾ ತೆಗೆದುಕೊಂಡು ಮೆಟ್ಟಿಲು ಹತ್ತಿದಳು.

ಈಸ್ಟರ್ ಬಂತು, ಹೋಯಿತು. ಗಲ್ಲಿಯ ಜನ ಮೊದಮೊದಲು "ಎಲ್ಲಿ ಸಿನ್ಯೊರೀನಾ, ನಿಮ್ಮ ಬೆಟ್ಟ?" ಎಂದು ರೇಗಿಸಿದರು. ಆಮೇಲೆ ಕೇಳುವುದನ್ನು ಬಿಟ್ಟರು. ಅದೇ ಅವಳಿಗೆ ಹೆಚ್ಚು ಚುಚ್ಚಿತು. ಒಂದು ಬೆಳಿಗ್ಗೆ ನೀಲಿ ಫ್ರಾಕನ್ನು ಟ್ರಂಕಿಗೆ ಹಾಕಿದಳು. ಸಂಜೆಗೆ ಮತ್ತೆ ತೆಗೆದಳು.

*

ಮೇ ತಿಂಗಳ ಬಿಸಿಲು. ಬಾಲ್ಕನಿ ತುಂಬ ಒಗೆದ ಬೆಡ್‌ಶೀಟು ಹರವಿದ್ದಳು. ಬ್ರೆಡ್ಡಿಗೆಂದು ಬುಟ್ಟಿ ಇಳಿಸಿದ್ದು ಮರೆತೇಹೋಗಿತ್ತು. ಕೆಳಗಿನಿಂದ ಯಾರೋ ಹಗ್ಗ ಜಗ್ಗಿದರು. ಎಳೆದಳು. ರಾಟೆ ಸದ್ದಿಲ್ಲದೆ ತಿರುಗಿ ಬುಟ್ಟಿ ಮೇಲೆ ಬಂತು.

ಒಂದು ಪ್ಯಾಕೆಟ್ ಕಾಫಿಪುಡಿ. ಒಂದು ಪ್ಯಾಕೆಟ್ ಸಕ್ಕರೆ.

ಅಮಾಲಿಯಾ ನಕ್ಕಳು. ನಗುತ್ತಲೇ ಕಣ್ಣಲ್ಲಿ ನೀರು ತುಂಬಿತು. ಕಾಫಿ ಪ್ಯಾಕೆಟ್ಟನ್ನು ಎದೆಗೆ ಒತ್ತಿಕೊಂಡಳು, ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. ಒಳಗೆ ಓಡಿ ನೀಲಿ ಫ್ರಾಕ್ ಹಾಕಿಕೊಂಡಳು, ಗುಂಡಿ ಒಂದು ತಪ್ಪಾಗಿ ಬಿತ್ತು, ಇರಲಿ. ಪಿನ್ನು ಬಾಯಲ್ಲಿ ಕಚ್ಚಿಕೊಂಡು ಕೂದಲು ಕಟ್ಟುತ್ತ ಬಾಲ್ಕನಿಗೆ ಬಂದಳು. ಬೆಡ್‌ಶೀಟು ಸರಿಸುವಷ್ಟು ತಾಳ್ಮೆ ಇರಲಿಲ್ಲ. ಆಚೆ ಅವನಿದ್ದಾನೆ, ಕತ್ತೆತ್ತಿ ನಿಂತಿರುತ್ತಾನೆ, ಇಷ್ಟು ತಿಂಗಳು ಕಾಯಿಸಿದ್ದಾಗಿದೆ. ಕಿಟಕಿಗಳು ಹಾಳಾಗಿ ಹೋಗಲಿ.

"ಬಂದ್ಯಾ ಕೊನೆಗೂ?" ಎಂದು ಶೀಟಿನ ಹಿಂದಿನಿಂದಲೇ ಕೂಗಿದಳು. "ಹೂಂ ಕಣೋ! ಹೂಂ! ಇಡೀ ಗಲ್ಲಿ ಕೇಳಲಿ, ನಾನು ಹೂಂ ಅಂದೆ! ನಿನ್ನನ್ನೇ ಮದುವೆ ಆಗ್ತೀನಿ!"

ಕೆಳಗಿನಿಂದ ಉತ್ತರ ಬರಲಿಲ್ಲ. ಯಾವ ಕಿಟಕಿಯಿಂದಲೂ ನಗು ಬರಲಿಲ್ಲ.

ಅವಳು ಶೀಟು ಸರಿಸಿ ಬಾಗಿ ನೋಡಿದಳು.

ಬೀದಿಯ ನಡುವೆ ಒಬ್ಬ ಹೆಂಗಸು ನಿಂತಿದ್ದಳು. ಉದ್ದನೆಯ ಹೆಂಗಸು, ಕಪ್ಪು ಬಟ್ಟೆ. ಕತ್ತೆತ್ತಿ ನೋಡುತ್ತಿದ್ದ ಅವಳ ಕಿವಿಗಳು ಕೆಂಪಾಗಿದ್ದವು. ಅಂಗಡಿಯ ಬಾಗಿಲಲ್ಲಿ ತಿತೀನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಈ ಸಲ ಅವಳು ಗಿರಾಕಿಯನ್ನು ಕೇಳಿದ್ದಳು, ಯಾರಿಗೆ, ಯಾಕೆ ಎಂದು.

ಅಮಾಲಿಯಾ ಬರಿಗಾಲಲ್ಲಿ ನಾಲ್ಕು ಮಹಡಿ ಇಳಿದಳು. ಆ ಹೆಂಗಸೇ ಮಾತಾಡಿದಳು.

"ನಾನು ಲೀವಿಯೋನ ಅಕ್ಕ. ಫೆಬ್ರವರೀಲಿ... ಮಲಗಿದ್ದವನು ಬೆಳಿಗ್ಗೆ ಏಳಲೇ ಇಲ್ಲ. ಹೃದಯ ನಿಂತುಹೋಗಿತ್ತು ಅಂದ್ರು ಡಾಕ್ಟರು. ಫೋನಲ್ಲಿ ಹೇಳೋ ಮಾತಲ್ಲ, ಆ ಫೋನು ಗಲ್ಲಿಗೆಲ್ಲ ಕೇಳಿಸುತ್ತೆ ಅಂತ ಅವನೇ ಹೇಳಿದ್ದ. ಹಿಮ ಕರಗಿ ದಾರಿ ತೆರೆದುಕೊಂಡ ಮೇಲೆ ಬಂದೆ. ಬಂದ ಮೇಲೆ ಬಾಯೇ ಬರಲಿಲ್ಲ. ನಿಮ್ಮಲ್ಲಿ ಇಂಥದ್ದನ್ನ ಹೀಗೇ ತಿಳಿಸ್ತಾರೆ ಅಂತ ಅವನು ನಗ್ತಾ ನಗ್ತಾ ಎಷ್ಟು ಸಲ ಹೇಳಿದ್ದನೋ... ಅದಕ್ಕೆ ತಂದೆ. ತಪ್ಪು ಮಾಡಿದ್ನಾ?"

"ಇಲ್ಲ," ಎಂದಳು ಅಮಾಲಿಯಾ. "ಸರಿಯಾಗೇ ತಂದಿದ್ದೀರಿ."

"ಆ ಕೈಗವಸು ಹಾಕಿಯೇ ಕಳಿಸಿದ್ವಿ ಅವನನ್ನ."

ಅಮಾಲಿಯಾ ತಲೆಯಾಡಿಸಿದಳು. ಆಮೇಲೆ, ಕೇಳಬಾರದೆಂದುಕೊಂಡಿದ್ದನ್ನು ಕೇಳಿದಳು.

"ಅವನಿಗೆ ಗೊತ್ತಿತ್ತಾ, ನಾನು ಏನು ಹೇಳ್ತೀನಿ ಅಂತ?"

ಅಕ್ಕ ಹತ್ತಿರ ಬಂದಳು. "ದಿನಾ ನನ್ನನ್ನ ಕೇಳ್ತಿದ್ದ, 'ಹೂಂ ಅಂತಾಳಾ?' ಅಂತ. ನಾನೇನು ಹೇಳಲಿ, ನಿಮ್ಮನ್ನ ನೋಡಿದವಳೇ ಅಲ್ಲ. ಆದ್ರೆ ಕ್ರಿಸ್ಮಸ್ ಮುಂಚೆ ಒಂದು ದಿನ ಕೇಳಲಿಲ್ಲ. ಆಫೀಸಿಗೆ ಒಂದು ಫೋನ್ ಬಂದಿತ್ತಂತೆ. ಯಾರೂ ಮಾತಾಡ್ಲಿಲ್ಲ, ಹಿಂದಿನಿಂದ ಯಾರೋ 'ಮಾತಾಡೇ ಕತ್ತೆ' ಅಂದಿದ್ದು ಮಾತ್ರ ಕೇಳಿಸ್ತಂತೆ. ಅವತ್ತಿಡೀ ಸಿಳ್ಳೆ ಹಾಕ್ಕೊಂಡು ಓಡಾಡಿದ."

ಅಂಗಡಿಯ ಬಾಗಿಲಲ್ಲಿ ತಿತೀನಾ ಬಿಕ್ಕಿದಳು.

ಅಮಾಲಿಯಾ ಅಳಲಿಲ್ಲ. ಅಕ್ಕನ ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಅಮ್ಮನ ಕುರ್ಚಿಯಲ್ಲಿ ಕೂರಿಸಿದಳು. ಪ್ಯಾಕೆಟ್ ಒಡೆದು ಕಾಫಿ ಮಾಡಿದಳು. ಎರಡು ಕಪ್ಪಿಗೆ ಬಗ್ಗಿಸಿ, ಒಂದನ್ನು ಅಕ್ಕನ ಮುಂದೆ ಇಟ್ಟಳು.

"ತಂದವರೇ ಮೊದಲು ಕುಡೀಬೇಕು," ಎಂದಳು. ಅಷ್ಟು ಹೇಳಿ ಪಕ್ಕದಲ್ಲಿ ಕೂತು, ನೀಲಿ ಫ್ರಾಕಿನ ಮಡಿಲಿಗೆ ಮುಖ ಒತ್ತಿ ಅತ್ತಳು. ಅಕ್ಕ ಅವಳ ಬೆನ್ನು ನೇವರಿಸುತ್ತ ಕೂತಳು.

ಎಷ್ಟೋ ಹೊತ್ತಿನ ಮೇಲೆ ಕೆಳಗಿನಿಂದ ತಿತೀನಾಳ ದನಿ ಕೇಳಿಸಿತು.

"ಸಿನ್ಯೋರಾ! ಸಿನ್ಯೋರಾ ಅಮಾಲಿಯಾ!"

ಅವಳು ತಲೆ ಎತ್ತಿದಳು. ಯಾರನ್ನು ಕರೆಯುತ್ತಿದ್ದಾಳೆಂದು ಒಂದು ಕ್ಷಣ ತಿಳಿಯಲಿಲ್ಲ. ಎದ್ದು ಬಾಲ್ಕನಿಗೆ ಬಂದಳು.

ಕೆಳಗೆ ಗಲ್ಲಿಯ ಜನ ಸಾಲಾಗಿ ನಿಂತಿದ್ದರು. ಎಲ್ಲರ ಮುಂದೆ ತಿತೀನಾ, ತಲೆಗೆ ಕಪ್ಪು ಸ್ಕಾರ್ಫ್ ಕಟ್ಟಿಕೊಂಡು. ಅವಳ ಕೈಯಲ್ಲಿ ಒಂದು ಪ್ಯಾಕೆಟ್ ಕಾಫಿ, ಒಂದು ಪ್ಯಾಕೆಟ್ ಸಕ್ಕರೆ. ಹಿಂದಿನವರ ಕೈಯಲ್ಲೂ ಅದೇ. ಅವನು ನಿನಗೇನಾಗಬೇಕು ಎಂದು ಯಾರೂ ಕೇಳಲಿಲ್ಲ.

"ಬುಟ್ಟಿ ಬಿಡಿ, ಸಿನ್ಯೋರಾ," ಎಂದಳು ತಿತೀನಾ.

ಅಮಾಲಿಯಾ ಬುಟ್ಟಿ ಇಳಿಬಿಟ್ಟಳು. ಸಂಜೆಯವರೆಗೂ ಬುಟ್ಟಿ ಮೇಲೆ ಕೆಳಗೆ ಓಡಾಡಿತು. ಅವನ ರಾಟೆ ಒಮ್ಮೆಯೂ ಸದ್ದು ಮಾಡಲಿಲ್ಲ.